ಬೇಕಲ ನೋಡಿ ಹೋದವರಿಗೆ

(ದಾವಣಗೆರೆಯ ಹೈಸ್ಕೂಲ್ ಶಿಕ್ಷಕಿಯೊಬ್ಬರ ಪತ್ರದ ಸಾರ: ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಮಂಗಳೂರಿನಿಂದ ಕಾರು ಮಾಡಿಕೊಂಡು ಬಂದೆವು. ಬೇಕಲ ಕೋಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧೂರಿನಲ್ಲಿ ಸಾಲು, ಅನಂತಪುರದಲ್ಲಿ ಮೊಸಳೆ ಕಾಣಲಿಲ್ಲ. ರಾತ್ರಿ ವಾಪಸಾದಾಗ ಕಾಸರಗೋಡು ನೋಡಿದೆವು ಎಂದು ಅನ್ನಿಸಲೇ ಇಲ್ಲ. ಜನಜಂಗುಳಿ ಇಲ್ಲದ, ನೀವು ಊರವರೇ ಹೋಗುವ ಹತ್ತು ಜಾಗಗಳ ಪಟ್ಟಿ ಕೊಡಿ. ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತವಾದ ಊರುಗಳನ್ನೂ ಮಕ್ಕಳಿಗೆ ತೋರಿಸಬಹುದೇ?)

ಸಂಪಾದಕರ ಉತ್ತರ

ಆತ್ಮೀಯರೇ,

ಹತ್ತರ ಪಟ್ಟಿ ಕೊಡಲಾರೆ. ಜಿಪುಣತನ ಎಂದುಕೊಳ್ಳಬೇಡಿ, ಪೊಸಡಿಗುಂಪೆಯ ಗತಿ ಕಣ್ಣೆದುರಿಗಿದೆ. ಧರ್ಮತ್ತಡ್ಕದ ಹತ್ತಿರದ ಆ ಗುಡ್ಡ ಸಮುದ್ರಮಟ್ಟದಿಂದ ಸಾವಿರ ಅಡಿಗೆ ತುಸು ಮೇಲೆ. ತುದಿಯಲ್ಲಿ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಸಾಲು. ಒಂದು ಕಾಲಕ್ಕೆ ಅಲ್ಲಿಗೆ ಸುತ್ತಲಿನ ಊರವರು ಬಿಟ್ಟರೆ ಯಾರೂ ಹತ್ತುತ್ತಿರಲಿಲ್ಲ. ಈಗ ಭಾನುವಾರ ಬೈಕುಗಳ ಸಾಲು, ಸೋಮವಾರ ಹುಲ್ಲಿನ ನಡುವೆ ಬಾಟಲಿ ಚೂರು. ಆ ಹುಲ್ಲಿನಲ್ಲಿ ಮೇಯುವುದು ಊರವರ ದನ.

ಅದಕ್ಕಿಂತ, ನೀವು ಹೋದ ಜಾಗಗಳಲ್ಲೇ ನೋಡದೆ ಬಿಟ್ಟದ್ದನ್ನು ಹೇಳುತ್ತೇನೆ. ಮಧೂರಿನಲ್ಲಿ ಗಣಪತಿಗೆ ಕೈಮುಗಿದು, ಅಪ್ಪದ ಪ್ರಸಾದ ತೆಗೆದುಕೊಂಡು ಹೊರಟಿರಿ ಅಲ್ಲವೇ? ಎಲ್ಲರೂ ಹಾಗೆಯೇ. ಆದರೆ ಅಲ್ಲಿನ ಮುಖ್ಯ ದೇವರು ಶಿವ, ಮದನಂತೇಶ್ವರ. ಮದರು ಎಂಬ ಮೊಗೇರ ಸಮುದಾಯದ ಹೆಂಗಸಿಗೆ ಆ ಲಿಂಗ ದೊರೆಯಿತೆಂದು ಪ್ರತೀತಿ. ಗಣಪತಿಯಾದರೋ ಹುಡುಗನೊಬ್ಬ ಆಟಕ್ಕೆಂದು ಗರ್ಭಗುಡಿಯ ಗೋಡೆಯ ಮೇಲೆ ಬರೆದ ಚಿತ್ರದಿಂದ ಮೂಡಿದವನಂತೆ. ಹೆಸರು, ಸೇವೆ, ಸಾಲು ಎಲ್ಲ ಅವನ ಪಾಲಿಗೆ. ಮುಂದಿನ ಸಲ ದರ್ಶನ ಮುಗಿದ ಕೂಡಲೇ ಹೊರಗೆ ಬರಬೇಡಿ, ಗುಡಿಯ ಹಿಂದಕ್ಕೆ ನಡೆಯಿರಿ. ಮೂರು ನೆಲೆಯ ಆ ಗುಡಿ ಗಜಪೃಷ್ಠ ಮಾದರಿಯದು, ಹಿಂಬದಿ ಮೂಲೆಯೇ ಇಲ್ಲದೆ ದುಂಡಗೆ ತಿರುಗುತ್ತದೆ. ಮರದ ಕೆತ್ತನೆಗಳಲ್ಲಿ ರಾಮಾಯಣ ಇದೆ, ಕತ್ತೆತ್ತಿ ನೋಡಬೇಕು. ನಡುಮಧ್ಯಾಹ್ನದ ಪೂಜೆಯ ಹೊತ್ತು ಬಿಟ್ಟು ಬೆಳಿಗ್ಗೆ ಬೇಗ ಬಂದರೆ ನಿಮ್ಮ ಜತೆ ಅಂಗಳ ಗುಡಿಸುವವರು ಮಾತ್ರ ಇರುತ್ತಾರೆ. ಮಳೆಗಾಲದಲ್ಲಾದರೆ ಪಕ್ಕದ ಮಧುವಾಹಿನಿ ಉಕ್ಕಿ ಅಂಗಳಕ್ಕೇ ನೀರು ಬರುವುದುಂಟು.

ಅನಂತಪುರದ್ದೂ ಇದೇ ಕತೆ. ಅಲ್ಲಿನ ಕೆರೆ ದೇವಸ್ಥಾನದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್‌ನಲ್ಲಿ ಸತ್ತಿತು, ಮರುವರ್ಷ ಇನ್ನೊಂದು ಕಾಣಿಸಿಕೊಂಡಿತು. ಬಂದವರೆಲ್ಲ ಕೆರೆಯ ಕಡೆಗೇ ಕಣ್ಣು ನೆಟ್ಟು ನಿಲ್ಲುತ್ತಾರೆ. ಬೆನ್ನ ಹಿಂದೆ ಮುರಕಲ್ಲಿನ (ಜಂಬಿಟ್ಟಿಗೆಯ) ಪದವು, ಅಂದರೆ ಎತ್ತರದ ಬಯಲು, ಹರಡಿಕೊಂಡಿದೆ, ಅದನ್ನು ಕೇಳುವವರಿಲ್ಲ. ಬೇಸಿಗೆಯಲ್ಲಿ ಅದು ಕಾದ ಕಾವಲಿ. ಮಳೆ ಹಿಡಿದು ತಿಂಗಳಾಗಲಿ, ಕಲ್ಲಿನ ಕುಳಿಗಳಲ್ಲಿ ನೀರು ನಿಂತು ಗೇಣುದ್ದದ ಹುಲ್ಲು ಬರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸೀತಾಶ್ರುವಿನ ನೇರಳೆ ಹೂ. ಮಲಯಾಳಿಗಳು ಓಣಂ ಪೂಕ್ಕಳಕ್ಕೆ (ಹೂವಿನ ರಂಗೋಲಿಗೆ) ಇದನ್ನೇ ಕೊಯ್ಯುತ್ತಿದ್ದರು. ಅಷ್ಟು ಪುಟ್ಟ ಗಿಡ ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ ಎಂದರೆ ನಿಮ್ಮ ವಿದ್ಯಾರ್ಥಿಗಳು ಮೊಸಳೆಯನ್ನು ಮರೆಯುತ್ತಾರೆ. ಬೇಗ ಬನ್ನಿ, ಕಲ್ಲು ಕೋರೆಗಳು ಒಂದೊಂದೇ ಪದವು ಬಯಲನ್ನು ಕಡಿದು ಲಾರಿಗೇರಿಸುತ್ತಿವೆ.

ಇನ್ನು ಬೇಕಲಕ್ಕೆ ನೀವು ಹೋದ ದಾರಿ. ಹೆದ್ದಾರಿ ಬಿಟ್ಟು ಪೇಟೆಯ ಒಳಗಿನಿಂದ ಚಂದ್ರಗಿರಿ ಸೇತುವೆ ದಾಟಿದ್ದರೆ, ಮೇಲ್ಪರಂಬದ ಹತ್ತಿರ ಇನ್ನೊಂದು ಕೋಟೆ ಸಿಗುತ್ತಿತ್ತು. ಬೇಕಲದ್ದೂ ಇದೂ ಎರಡೂ ಹದಿನೇಳನೇ ಶತಮಾನದ್ದು, ಎರಡಕ್ಕೂ ಕೆಳದಿಯ ಶಿವಪ್ಪ ನಾಯಕನ ಹೆಸರನ್ನೇ ಹೇಳುತ್ತಾರೆ. ಚಂದ್ರಗಿರಿ ಕೋಟೆ ಚಿಕ್ಕದು, ಅರ್ಧ ಗಂಟೆಯಲ್ಲಿ ಸುತ್ತು ಮುಗಿಯುತ್ತದೆ. ಆದರೆ ಗೋಡೆಯ ಮೇಲೆ ನಿಂತರೆ ಚಂದ್ರಗಿರಿ ಹೊಳೆ ಎಂದೂ ಕರೆಯುವ ಪಯಸ್ವಿನಿ ಕಡಲಿಗೆ ಸೇರುವುದು, ತೆಂಗಿನ ತೋಟಗಳು, ರೈಲು ಸೇತುವೆ ಎಲ್ಲ ಕಾಲಡಿಯಲ್ಲಿ. ಬೇಕಲಕ್ಕಿಂತ ನನಗೆ ಇದೇ ಮೇಲು. ಈ ಹೊಳೆಯನ್ನೇ ಹಿರಿಯರು ತುಳುನಾಡಿನ ತೆಂಕಣ ಗಡಿ ಎಂದರು. ಈಚೆ ಭೂತಕ್ಕೆ ಕೋಲ, ಆಚೆ ತೆಯ್ಯಂ. ಗಡಿ ಎಂದ ಮಾತ್ರಕ್ಕೆ ಗೋಡೆಯಲ್ಲ, ಎರಡೂ ದಡದಲ್ಲಿ ಎರಡೂ ಕಡೆಯ ಜನ ಇದ್ದಾರೆ.

ಹೊಳೆಯ ಈಚೆ ದಡದಲ್ಲಿ ತಳಂಗರೆ. ಮಾಲಿಕ್ ದೀನಾರ್ ಮಸೀದಿಗೆ ಯಾತ್ರಿಕರು ಬರುತ್ತಾರೆ, ಆದರೆ ಆ ಕೇರಿಯಲ್ಲಿ ನಡೆಯುವ ಪ್ರವಾಸಿಗರು ಕಡಿಮೆ. ಹೆಂಗಸರು ಮನೆಯಲ್ಲೇ ಕೂತು ಸೂಜಿಯಿಂದ ಹೊಲಿಯುತ್ತಿದ್ದ ತಳಂಗರೆ ಟೊಪ್ಪಿ ಒಂದು ಕಾಲಕ್ಕೆ ಕೊಲ್ಲಿ ನಾಡುಗಳಿಗೂ ಹೋಗುತ್ತಿತ್ತು, ಈಗ ಹೊಲಿಯುವ ಕೈಗಳು ಬೆರಳೆಣಿಕೆಯಷ್ಟು. ಸಂಜೆ ನಾಲ್ಕರ ಹೊತ್ತಿಗೆ ಹೋಗಿ ಯಾವುದಾದರೂ ಚಿಕ್ಕ ಹೋಟೆಲಿನಲ್ಲಿ ಪತ್ತಿರಿ (ಅಕ್ಕಿಯ ರೊಟ್ಟಿ) ಕೇಳಿ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ಜವಾಬು ಕನ್ನಡದಲ್ಲೋ ಮಲಯಾಳದಲ್ಲೋ ಬರುತ್ತದೆ, ಪತ್ತಿರಿಯಂತೂ ಬಂದೇ ಬರುತ್ತದೆ.

ವಿದ್ಯಾನಗರದ ನೇಕಾರರ ಸೊಸೈಟಿಯಲ್ಲಿ ಕಾಸರಗೋಡು ಸೀರೆಯನ್ನು ಮಗ್ಗದ ಮೇಲೆಯೇ ನೋಡಬಹುದು. ಮಂಜೇಶ್ವರದ ಗೋವಿಂದ ಪೈಗಳ ಮನೆ ಶಿಕ್ಷಕಿಯಾದ ನಿಮಗೆ ನಾನು ಹೇಳಬೇಕಾದ್ದಲ್ಲ.

ಊರವರದೇ ಆದದ್ದು ಎಂದು ನಾನು ಬೆರಳು ತೋರಿಸುವುದಾದರೆ ಅದು ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಬಾವಿಗಳಿವು. ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲ, ನಿಂತು ಪಿಕ್ಕಾಸು ಬೀಸುವಷ್ಟು ಎತ್ತರ. ಟಾರ್ಚು ಹಾಕಿದರೆ ಇಕ್ಕೆಲದ ಮುರಕಲ್ಲಿನಲ್ಲಿ ಏಟಿನ ಗುರುತುಗಳು ಓರೆ ಓರೆಯಾಗಿ ಕಾಣುತ್ತವೆ, ಪಾದದಡಿ ತಣ್ಣಗೆ ನೀರು ಹರಿಯುತ್ತದೆ. ಕೊರೆಯುವವನು ಒಳಗೆ ಮೇಣದಬತ್ತಿ ಹಚ್ಚಿಟ್ಟುಕೊಳ್ಳುತ್ತಾನೆ. ಅದು ಮಂಕಾಯಿತೆಂದರೆ ಗಾಳಿ ಸಾಲದು, ಕೆಲಸ ಬಿಟ್ಟು ಹೊರಗೆ. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಕೋಲಿಗೆ ಸುಮಾರು ಎರಡೂವರೆ ಅಡಿ. ನೀರಿನ ಒಸರು ಸಿಕ್ಕಿದ ಮೇಲೆ ಪಂಪೂ ಬೇಡ, ಕರೆಂಟೂ ಬೇಡ. ತಾನೇ ಹರಿದು ಸೀಳಿದ ಅಡಿಕೆ ಮರದ ದಂಬೆಯಲ್ಲಿ, ಈಗ ಹೆಚ್ಚಾಗಿ ಪಿವಿಸಿ ಪೈಪಿನಲ್ಲಿ, ಅಂಗಳದ ಟಾಂಕಿಗೆ ಬೀಳುತ್ತದೆ.

ಆದರೆ ಇದು ಆ ಮನೆಯ ಕುಡಿಯುವ ನೀರು. ಯಾರ ತೋಟ, ಯಾವ ತಿರುವು ಎಂದು ಅಚ್ಚು ಹಾಕುವುದಿಲ್ಲ. ಬರುವ ಮೊದಲು ಪತ್ರ ಹಾಕಿ, ಒಪ್ಪುವ ಮನೆಯವರನ್ನು ನಾವೇ ಕೇಳಿಡುತ್ತೇವೆ. ಮಕ್ಕಳು ಬಾಗಿಲಲ್ಲಿ ನಿಂತು ನೋಡಲಿ. ಒಳಗೆ ಇಳಿಯುವುದು ಮನೆಯವರು ಕರೆದರೆ ಮಾತ್ರ.

ಎಂಡೋಸಲ್ಫಾನ್ ಪ್ರಶ್ನೆಗೆ ಬರುತ್ತೇನೆ. ಸುರಂಗಗಳಿರುವ ಎಣ್ಮಕಜೆಯಲ್ಲೇ ಆ ಊರುಗಳೂ ಇವೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರಲ್ಲಿ. ಹಾಸಿಗೆ ಹಿಡಿದ ಮಕ್ಕಳನ್ನು ನೋಡಲು ಬಸ್ಸು ಮಾಡಿಕೊಂಡು ಬರುವುದು ಬೇಡ ಮೇಡಂ. ಆ ತಾಯಂದಿರು ಕ್ಯಾಮೆರಾ ಕಂಡು ಸಾಕಾಗಿ ಹೋಗಿದ್ದಾರೆ. ತರಗತಿಯಲ್ಲಿ ಪಾಠ ಮಾಡಿ, ಧಾರಾಳವಾಗಿ ಮಾಡಿ.

ಸೆಪ್ಟೆಂಬರ್‌ನಲ್ಲಿ ಬರುವುದಾದರೆ ಕಾರು ಬೇಡ, ಮಂಗಳೂರಿನಿಂದ ರೈಲಿನಲ್ಲಿ ಬನ್ನಿ. ಒಂದು ರಾತ್ರಿ ಪೇಟೆಯಲ್ಲೇ ಉಳಿಯಿರಿ. ಬಸ್ಸುಗಳ ಬೋರ್ಡು ಹೆಚ್ಚಿನವು ಮಲಯಾಳದಲ್ಲಿವೆ, ಹತ್ತುವ ಮೊದಲು ಕಂಡಕ್ಟರನ್ನು ಕೇಳಿಕೊಳ್ಳಿ. ಕೊಡೆ ಮರೆಯಬೇಡಿ.

— ಸಂ.