ದೆವ್ವದ ಕಥೆಗೂ ರಮ್ಯ ಪಂಥಕ್ಕೂ ಏನು ಸಂಬಂಧ?

(ಸಾಗರದ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ವರ್ಡ್ಸ್‌ವರ್ತ್ ಪಕ್ಕದಲ್ಲೇ ‘ಫ್ರಾಂಕನ್‌ಸ್ಟೈನ್’ ಕಾದಂಬರಿಯನ್ನು ಕೂರಿಸಿದ್ದೀರಿ. ಪ್ರಕೃತಿ, ಬಾಲ್ಯ, ಪ್ರೀತಿ, ಸ್ವಾತಂತ್ರ್ಯ, ಇವು ರಮ್ಯ ಪಂಥದ ಜೀವ. ಹೆಣ, ರಕ್ತ, ಪಿಶಾಚಿ ಎಲ್ಲ ಅದರ ಮೇಲೆ ಕೂತ ಕೊಳೆ. ಹೆದರಿಸುವುದು ಸಾಹಿತ್ಯದ ಕೆಲಸವೇ?” ಇದಕ್ಕೆ ಸಂಪಾದಕರ ಉತ್ತರ.)

ಮೇಷ್ಟ್ರೇ, ನಮಸ್ಕಾರ.

ಕೊಳೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು ನೀವೇ ಪಾಠ ಮಾಡಿರುವ ಕವಿಗಳಿಂದಲೇ ಶುರು ಮಾಡುತ್ತೇನೆ.

ಇಂಗ್ಲಿಷ್ ರಮ್ಯ (ರೊಮ್ಯಾಂಟಿಕ್) ಕಾವ್ಯ ಅಂದ ಕೂಡಲೇ ಎಲ್ಲರೂ 1798ರ ‘ಲಿರಿಕಲ್ ಬ್ಯಾಲಡ್ಸ್’ ಹೆಸರು ಹೇಳುತ್ತಾರೆ. ವರ್ಡ್ಸ್‌ವರ್ತ್, ಕೋಲ್ರಿಜ್ ಇಬ್ಬರೂ ಸೇರಿ ತಂದ ಪುಸ್ತಕ. ಅದರ ಕೊನೆಯ ಕವಿತೆ ವರ್ಡ್ಸ್‌ವರ್ತ್ ಬರೆದ ‘ಟಿಂಟರ್ನ್ ಅಬಿ’. ನದಿ, ಬೆಟ್ಟ, ನೆನಪು, ಸಮಾಧಾನ. ನೀವು ಹೇಳುವ ರಮ್ಯ ಪಂಥ ಪೂರ್ತಿ ಅದರಲ್ಲಿದೆ. ಆದರೆ ಮೊದಲ ಕವಿತೆ ಯಾವುದು? ಕೋಲ್ರಿಜ್ ಬರೆದ ಮುದಿ ನಾವಿಕನ ಹಾಡು. ಆ ನಾವಿಕ ಯಾವ ಕಾರಣವೂ ಇಲ್ಲದೆ ಆಲ್ಬಟ್ರಾಸ್ ಅನ್ನುವ ಒಂದು ಕಡಲಹಕ್ಕಿಯನ್ನು ಕೊಲ್ಲುತ್ತಾನೆ. ಗಾಳಿ ನಿಂತುಹೋಗುತ್ತದೆ. ಜೊತೆಯಲ್ಲಿದ್ದ ಇನ್ನೂರು ಜನ ಅವನ ಕಣ್ಣೆದುರೇ ಸಾಯುತ್ತಾರೆ, ಸತ್ತ ಮೇಲೂ ಅವರ ಕಣ್ಣು ಅವನನ್ನೇ ನೋಡುತ್ತಿರುತ್ತವೆ. ಅವನಿಗೆ ಮಾತ್ರ ಸಾವಿಲ್ಲ. ಆಮೇಲೆ ಒಂದು ಬೆಳುದಿಂಗಳ ರಾತ್ರಿ ನೀರುಹಾವುಗಳನ್ನು ನೋಡಿ, ತನಗೇ ಗೊತ್ತಿಲ್ಲದ ಹಾಗೆ ಅವುಗಳನ್ನು ಹರಸಿಬಿಡುತ್ತಾನೆ. ಶಾಪ ಸಡಿಲವಾಗುವುದು ಆಗಲೇ. ಜೀವಿಗಳ ಮೇಲಿನ ಪ್ರೀತಿ ಇಲ್ಲೂ ಇದೆ, ಅಲ್ವಾ? ಆದರೆ ಅದು ಭಯದ ಮೂಲಕವೇ ಬರುತ್ತದೆ. ಆ ಭಯ ತೆಗೆದರೆ ಪ್ರೀತಿಗೂ ತೂಕ ಇರುವುದಿಲ್ಲ.

ಇದು ಆಕಸ್ಮಿಕವಾಗಿ ಆದದ್ದಲ್ಲ. ಮುಂದೆ 1817ರಲ್ಲಿ ಕೋಲ್ರಿಜ್ ತನ್ನ ಆತ್ಮಕಥನದಲ್ಲಿ ವಿವರಿಸುತ್ತಾನೆ: ದಿನನಿತ್ಯದ ಬದುಕನ್ನು ಹೊಸದಾಗಿ ಕಾಣಿಸುವುದು ವರ್ಡ್ಸ್‌ವರ್ತ್ ಪಾಲು, ಅಲೌಕಿಕವಾದದ್ದನ್ನು ನಂಬುವಂತೆ ಬರೆಯುವುದು ತನ್ನ ಪಾಲು. ಕೆಲಸ ಹಂಚಿಕೊಂಡೇ ಹೊರಟಿದ್ದರು. ಆದರೆ ಆ ಕವಿತೆ ಪುಸ್ತಕಕ್ಕೆ ಪೆಟ್ಟು ಕೊಟ್ಟಿತು ಅಂತ ವರ್ಡ್ಸ್‌ವರ್ತ್‌ಗೆ ಅನ್ನಿಸಿತು. 1800ರ ಎರಡನೇ ಮುದ್ರಣದಲ್ಲಿ ಅದನ್ನು ಮುಂದಿನಿಂದ ತೆಗೆದು ಹಿಂದಕ್ಕೆ ಹಾಕಿದ. ನಮ್ಮ ಪಠ್ಯಪುಸ್ತಕಗಳು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಈ ಕತ್ತಲೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಲೆಕ್ಕಾಚಾರದ ಬುದ್ಧಿಗಿಂತ ಭಾವ ದೊಡ್ಡದು, ಕನಸು ದೊಡ್ಡದು ಅಂತ ಈ ಬರಹಗಾರರು ನಂಬಿದರು. ಮನಸ್ಸಿನ ಒಳಬಾಗಿಲು ತೆರೆದ ಮೇಲೆ ಏನು ಹೊರಗೆ ಬರಬೇಕು ಅನ್ನುವುದು ನಮ್ಮ ಕೈಯಲ್ಲಿರುವುದಿಲ್ಲ. ಬಾಲ್ಯದ ಸಂತೋಷ ಬಂದ ಬಾಗಿಲಲ್ಲೇ ಅಪರಾಧದ ಅಳುಕು, ಸಾವಿನ ಹೆದರಿಕೆ, ಹೇಳಬಾರದ ಆಸೆ ಎಲ್ಲ ಬಂದವು. ಕಾಲವೂ ಹಾಗೇ ಇತ್ತು. 1789ರ ಫ್ರೆಂಚ್ ಕ್ರಾಂತಿ ಇವರಿಗೆ ಹೊಸ ಬೆಳಗಿನ ಹಾಗೆ ಕಂಡಿತ್ತು. 1793-94ರ ಹೊತ್ತಿಗೆ ಗಿಲೊಟಿನ್ ಬಿಡುವಿಲ್ಲದೆ ತಲೆ ಕತ್ತರಿಸುತ್ತಿತ್ತು. ಸ್ವಾತಂತ್ರ್ಯದ ಕನಸು ಕಂಡವರೇ ಅದರ ದುಃಸ್ವಪ್ನವನ್ನೂ ಕಂಡರು.

ಈಗ ‘ಫ್ರಾಂಕನ್‌ಸ್ಟೈನ್’. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರಿಂದಾಗಿ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬರೀ ಚಳಿ, ಮಳೆ, ಹಾಳಾದ ಬೆಳೆ. ಆ 1816ರ ಜೂನ್‌ನಲ್ಲಿ ಕವಿಗಳಾದ ಬೈರನ್, ಪರ್ಸಿ ಶೆಲ್ಲಿ, ಹದಿನೆಂಟರ ಹುಡುಗಿ ಮೇರಿ (ಮುಂದೆ ಮೇರಿ ಶೆಲ್ಲಿ), ಬೈರನ್‌ನ ವೈದ್ಯ ಪೊಲಿಡೊರಿ ಜಿನೀವಾ ಸರೋವರದ ಪಕ್ಕದ ಮನೆಯೊಂದರಲ್ಲಿ ಸೇರುತ್ತಿದ್ದರು. ಜರ್ಮನ್ ದೆವ್ವದ ಕಥೆಗಳನ್ನು ಫ್ರೆಂಚ್ ಅನುವಾದದಲ್ಲಿ ಓದಿದರು. ನಾವೂ ಒಂದೊಂದು ಬರೆಯೋಣ ಅಂದ ಬೈರನ್. ಪೊಲಿಡೊರಿಯ ರಕ್ತಪಿಶಾಚಿಯ ಕಥೆ 1819ರಲ್ಲಿ ಬಂತು. ಮುಂದಿನ ಎಷ್ಟೋ ರಕ್ತಪಿಶಾಚಿಗಳಿಗೆ ಅದು ಮೂಲ, ಆದರೆ ಬರವಣಿಗೆ ಪೇಲವ. ಈ ಬಗೆಯ ಪುಸ್ತಕಗಳಲ್ಲಿ ಜಳ್ಳು ಜಾಸ್ತಿ ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಮೇರಿ ಬರೆದ ‘ಫ್ರಾಂಕನ್‌ಸ್ಟೈನ್’ ಜಳ್ಳಲ್ಲ. ಅವಳು ಹುಟ್ಟಿ ಹನ್ನೊಂದನೇ ದಿನಕ್ಕೆ ಅವಳ ತಾಯಿ ತೀರಿಕೊಂಡಿದ್ದಳು. 1815ರಲ್ಲಿ ಅವಳ ಮೊದಲ ಮಗು ಕೆಲವೇ ದಿನ ಬದುಕಿ ಹೋಯಿತು. ಮಗುವನ್ನು ಬೆಂಕಿಯ ಮುಂದೆ ತಿಕ್ಕಿದಾಗ ಅದಕ್ಕೆ ಮತ್ತೆ ಜೀವ ಬಂದ ಹಾಗೆ ಕನಸು ಕಂಡೆ ಅಂತ ದಿನಚರಿಯಲ್ಲಿ ಬರೆದಿದ್ದಾಳೆ. ಸತ್ತದ್ದಕ್ಕೆ ಜೀವ ತುಂಬುವ ಕಥೆ ಅವಳಿಗೆ ಸುಮ್ನೆ ಹೊಳೆದದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಪುಸ್ತಕ 1818ರ ಜನವರಿ 1ರಂದು ಹೊರಬಂತು. 500 ಪ್ರತಿ, ಲೇಖಕರ ಹೆಸರಿಲ್ಲ. ಹೆಸರಾಂತ ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನಂಥವನೂ ಇದನ್ನು ಪರ್ಸಿ ಬರೆದಿರಬೇಕು ಅಂದುಕೊಂಡ.

ಸಿನಿಮಾಗಳು ಈ ಕಥೆಗೆ ದೊಡ್ಡ ಅನ್ಯಾಯ ಮಾಡಿವೆ. ಫ್ರಾಂಕನ್‌ಸ್ಟೈನ್ ಅನ್ನುವುದು ಆ ಜೀವಿಯ ಹೆಸರೇ ಅಲ್ಲ, ಅದನ್ನು ಮಾಡಿದ ವಿದ್ಯಾರ್ಥಿಯ ಹೆಸರು. ಅವನು ಮಾಡುವ ದೊಡ್ಡ ತಪ್ಪು ಜೀವ ಕೊಟ್ಟದ್ದಲ್ಲ. ಅದು ಕಣ್ಣು ಬಿಟ್ಟ ಕ್ಷಣವೇ ಬಿಟ್ಟು ಓಡಿಹೋದದ್ದು. ಹೆಸರೂ ಇಲ್ಲದ ಆ ಜೀವಿ ಒಂದು ಬಡ ಮನೆಯ ಗೋಡೆಯಾಚೆ ಅಡಗಿ ಕೂತು ಮಾತು ಕಲಿಯುತ್ತದೆ. ಮಿಲ್ಟನ್‌ನ ಮಹಾಕಾವ್ಯ ಓದುತ್ತದೆ, ಗೊಯೆಥೆಯ ವರ್ದರ್‌ನ ಕಥೆ ಓದಿ ಅಳುತ್ತದೆ. ಆ ಮನೆಯ ಕುರುಡು ಮುದುಕ ಮಾತ್ರ ಅದರ ಜೊತೆ ಮನುಷ್ಯನ ಜೊತೆ ಆಡುವಂತೆ ಮಾತಾಡುತ್ತಾನೆ. ಕಣ್ಣಿದ್ದವರು ಬಂದು ಹೊಡೆಯುತ್ತಾರೆ. ನಾನು ಒಳ್ಳೆಯವನೇ ಆಗಿದ್ದೆ, ಸಂಕಟ ನನ್ನನ್ನು ರಾಕ್ಷಸ ಮಾಡಿತು ಅನ್ನುತ್ತದೆ ಆ ಜೀವಿ. ಇದರಲ್ಲಿ ಕೊಳೆ ಎಲ್ಲಿದೆ, ಹೇಳಿ.

ಇನ್ನೊಂದು ವಿಷಯ ನಿಮಗೆ ಇಷ್ಟವಾಗಬಹುದು. ನಾಯಕನ ಗೆಳೆಯ ಕ್ಲರ್ವಲ್‌ನನ್ನು ಬಣ್ಣಿಸುವಾಗ ಮೇರಿ ‘ಟಿಂಟರ್ನ್ ಅಬಿ’ಯ ಸಾಲುಗಳನ್ನೇ ತಂದಿದ್ದಾಳೆ. ಕಾದಂಬರಿಯ ಇನ್ನೊಂದು ಪಾತ್ರ, ಉತ್ತರ ಧ್ರುವಕ್ಕೆ ಹೊರಟ ವಾಲ್ಟನ್, ‘ನಾನು ಆಲ್ಬಟ್ರಾಸ್ ಕೊಲ್ಲುವುದಿಲ್ಲ’ ಅನ್ನುತ್ತಾನೆ. 1798ರ ಪುಸ್ತಕದ ಮೊದಲ ಕವಿತೆ, ಕೊನೆಯ ಕವಿತೆ ಎರಡೂ ಈ ‘ದೆವ್ವದ ಕಥೆ’ಯೊಳಗೆ ಇವೆ. ಮುಂದೆ ಆ ಜೀವಿ ಕ್ಲರ್ವಲ್‌ನನ್ನೇ ಕೊಲ್ಲುತ್ತದೆ. ವರ್ಡ್ಸ್‌ವರ್ತ್ ಪಕ್ಕದಲ್ಲಿ ಈ ಕಾದಂಬರಿಯನ್ನು ಕೂರಿಸಿದ್ದು ನಾವಲ್ಲ, ಮೇರಿಯೇ.

ಹೆದರಿಸುವುದು ಸಾಹಿತ್ಯದ ಕೆಲಸವೇ ಅಂತ ಕೇಳಿದ್ದೀರಿ. ನಾಟ್ಯಶಾಸ್ತ್ರದ ಭರತ ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ರನ್ನನ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಭಾಗವನ್ನು ಯಾರೂ ಗದಾಯುದ್ಧದಿಂದ ಕಿತ್ತು ಹಾಕಿಲ್ಲ. 1926ರಲ್ಲಿ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಬಂದಾಗ ಅದರಲ್ಲಿ ನೋವೂ ಇತ್ತು. ನೀರಿಗೆ ಬಿದ್ದು ಸತ್ತ ಹೆಣ್ಣಿನ ‘ದುಃಖಸೇತು’ ಅದರಲ್ಲೇ ಇದೆ. ಆದರೆ ತರಗತಿಗಳಲ್ಲಿ ನಾವು ಆ ಪರಂಪರೆಯ ಹೂವು, ಹಕ್ಕಿಗಳನ್ನೇ ಹೆಚ್ಚಾಗಿ ಉಳಿಸಿಕೊಂಡೆವು. ಇದರಿಂದ ಆ ಕವಿಗಳು ಮಕ್ಕಳ ಕಣ್ಣಿಗೆ ಮೆತ್ತಗಿನವರಾಗಿ ಕಂಡರು. ನನಗೆ ಬೇಸರ ಇರುವುದು ಅದಕ್ಕೇ.

ಓದುವುದಾದರೆ 1818ರ ರೂಪವನ್ನೇ ಓದಿ. 1831ರಲ್ಲಿ ಮೇರಿ ತಿದ್ದಿದ ಮೇಲೆ ನಾಯಕನ ಹೊಣೆಗಿಂತ ವಿಧಿಯ ಕೈ ದೊಡ್ಡದಾಗಿ ಕಾಣುತ್ತದೆ. ಪೂರ್ತಿ ಓದಲು ಮನಸ್ಸಿಲ್ಲದಿದ್ದರೆ ಎರಡನೇ ಸಂಪುಟ ಸಾಕು. ನಾಯಕ ಮನಸ್ಸಿನ ಭಾರ ಇಳಿಸಿಕೊಳ್ಳಲು ಆಲ್ಪ್ಸ್‌ನ ಹಿಮನದಿಯ ಹತ್ತಿರ ಹೋಗುತ್ತಾನೆ. ಮಾಂಟ್ ಬ್ಲಾಂಕ್ ಶಿಖರ ನೋಡಿ ಹಗುರಾಗುತ್ತಾನೆ. ಅದೇ ಹಿಮದ ಮೇಲೆ ಅವನು ಮಾಡಿದ ಜೀವಿ ಓಡಿ ಬರುತ್ತದೆ, ತನ್ನ ಕಥೆ ಕೇಳು ಅನ್ನುತ್ತದೆ. ಅದನ್ನು ಓದಿದ ಮೇಲೂ ನಿಮ್ಮ ಅಭಿಪ್ರಾಯ ಬದಲಾಗದಿದ್ದರೆ ದಯವಿಟ್ಟು ಬರೆಯಿರಿ. ಪತ್ರವನ್ನು ಪೂರ್ತಿಯಾಗಿ ಪ್ರಕಟಿಸುತ್ತೇನೆ.

ಸಂಪಾದಕ