ಓದುಗರು ಕೊಟ್ಟ ಪದಕ್ಕೆ ಪುಟ್ಟ ಕಥೆ: ಮೊದಲು ಹೊಳೆದದ್ದನ್ನು ಬಿಡಿ

ಅಕ್ಕಾ, ಓದುಗರು ‘ಕೊಡೆ’, ‘ಬೀಗದ ಕೈ’, ‘ಒಂಟಿತನ’ ಅಂತ ಪದ ಕೊಡುತ್ತಾರೆ, 100 ಪದದೊಳಗೆ ಕಥೆ ಬರೆದರೆ ಎಲ್ಲವೂ ಒಂದೇ ಥರ ಆಗುತ್ತವೆ, ಕೊನೆಯ ತಿರುವನ್ನು ಎಲ್ಲರೂ ಮೊದಲೇ ಊಹಿಸಿಬಿಡುತ್ತಾರೆ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ, ನನಗೆ ತುಂಬಾ ಇಷ್ಟದ ವಿಷಯ ಇದು.

ಪದ ಓದಿದ ಕೂಡಲೇ ನಿಮಗೆ ಹೊಳೆದದ್ದು ಓದುಗರಿಗೂ ಹೊಳೆದಿರುತ್ತದೆ. ಕೊಡೆ ಅಂದರೆ ಮಳೆ, ಬಸ್‌ಸ್ಟ್ಯಾಂಡು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಊಹಿಸದೆ ಇನ್ನೇನು ಮಾಡುತ್ತಾರೆ? ಅಷ್ಟಾವಧಾನ ನೋಡಿದ್ದೀರಲ್ವಾ, ಎಂಟು ಜನ ಹಾಕುವ ಸವಾಲುಗಳನ್ನು ವೇದಿಕೆಯಲ್ಲಿ ಒಬ್ಬ ಅವಧಾನಿಯೇ ನಿಭಾಯಿಸುವ ಕಲೆ? ಅದರಲ್ಲಿ ದತ್ತಪದಿ ಅಂತ ಒಂದು ಭಾಗ ಇದೆ. ಪೃಚ್ಛಕರು, ಅಂದರೆ ಸವಾಲು ಹಾಕುವವರು, ಸಾಮಾನ್ಯವಾಗಿ ನಾಲ್ಕು ಪದ ಕೊಡುತ್ತಾರೆ, ಪದ್ಯದ ಒಂದೊಂದು ಪಾದದಲ್ಲಿ ಒಂದೊಂದು ಬರಬೇಕು. ಇಂಗ್ಲಿಷ್ ಪದ ಕೊಟ್ಟು ಮಹಾಭಾರತದ ಸಂದರ್ಭ ಕೇಳುವುದೂ ಉಂಟು. ಆಗ ಅವಧಾನಿ ಆ ಪದದ ಅರ್ಥದ ಹಿಂದೆ ಹೋಗುವುದಿಲ್ಲ. ಅದರ ಅಕ್ಷರಗಳನ್ನು ಬೇರೆ ಪದಗಳ ನಡುವೆ ಬೆಸೆದು, ಕೇಳಿದವರೇ ನಿರೀಕ್ಷಿಸದ ಕಡೆ ಕೂರಿಸುತ್ತಾರೆ. ನಾವೂ ಹಾಗೇ ಮಾಡಬಹುದು. ಕೊಟ್ಟ ಪದವನ್ನು ಕಥೆಯ ವಿಷಯ ಮಾಡದೆ, ಕಥೆಯೊಳಗೆ ಯಾರದೋ ಕೈಯಲ್ಲಿರುವ ವಸ್ತು ಮಾಡಿ.

‘ಬೀಗದ ಕೈ’ಯನ್ನೇ ತೊಗೊಳ್ಳಿ. ಮೊದಲು ‘ಹೃದಯದ ಬೀಗ’ ಬರುತ್ತದೆ, ಬಿಡಿ. ಆಮೇಲೆ ಅಜ್ಜಿಯ ಹಳೇ ಪೆಟ್ಟಿಗೆ ಬರುತ್ತದೆ, ಅದನ್ನೂ ಬಿಡಿ. ದಿನನಿತ್ಯದಲ್ಲಿ ಕೀ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಅಂತ ಯೋಚಿಸಿ. ನಾನಾದರೆ ಹೀಗೆ ಬರೆಯುತ್ತೇನೆ:

ಮನೆ ಖಾಲಿ ಮಾಡುವ ದಿನ ಓನರ್ ಕೀ ಕೇಳಿದರು. ಅವಳು ತನ್ನದು ಕೊಟ್ಟಳು, ಗಂಡ ತನ್ನದು ಕೊಟ್ಟ.
“ಇನ್ನೊಂದು?”
“ನೀವು ಕೊಟ್ಟಿದ್ದು ಎರಡೇ ಅಲ್ವಾ?”
“ಇಲ್ಲಮ್ಮಾ, ಹೋದ ವರ್ಷ ನಿಮ್ಮ ಯಜಮಾನ್ರು ಬಂದು ಇನ್ನೊಂದು ಇಸ್ಕೊಂಡು ಹೋದ್ರಲ್ಲ.”
ಗಂಡ ಗೋಡೆಯ ಮೊಳೆ ಕೀಳುತ್ತಿದ್ದ.

ಇದರ ಮುಂದೆ ‘ಅವಳ ಎದೆ ಒಡೆಯಿತು’ ಅಂತ ಒಂದೇ ಸಾಲು ಸೇರಿಸಿದರೂ ಕಥೆ ಕೆಟ್ಟಿತು. ಮೂರನೇ ಕೀ ಯಾರ ಹತ್ತಿರ ಇದೆ ಅನ್ನುವುದು ಓದುಗರಿಗೇ ಇರಲಿ. ತಿರುವು ಓನರ್ ಮಾತಿನಲ್ಲೇ ಮುಗಿದಿದೆ ನೋಡಿ. ತಿರುವನ್ನು ಒಂದು ಸಾಲು ಮೇಲಕ್ಕೆ ತಂದು, ಕೊನೆಗೆ ಯಾರೋ ಮಾಡುತ್ತಿರುವ ಒಂದು ಕೆಲಸ ಇಟ್ಟರೆ, ತಿರುವನ್ನು ಊಹಿಸಿದವರಿಗೂ ಏನೋ ಸಿಗುತ್ತದೆ.

ಪದಮಿತಿಗೆ ತೀರಾ ಕಟ್ಟುಬೀಳಬೇಡಿ. ಸರಿಯಾಗಿ 100 ಪದ ಅನ್ನುವುದು ‘ಡ್ರಾಬಲ್’ ನಿಯಮ, 1980ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನ ಕಥೆಗಳ ಅಭಿಮಾನಿಗಳಲ್ಲಿ ಬೆಳೆದದ್ದು. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ 100 ಪದದಲ್ಲಿ ಜಾಗ ಜಾಸ್ತಿ. 60ಕ್ಕೆ ಮುಗಿಯುವ ಕಥೆಯನ್ನು ಸುಮ್ನೆ ಎಳೆಯಬೇಡಿ. ಬರೆದ ಮೇಲೆ ಮೊದಲ ಎರಡು ಸಾಲು ಮುಚ್ಚಿಕೊಂಡು ಓದಿ. ಅವಿಲ್ಲದೆಯೂ ಅರ್ಥ ಆದರೆ ತೆಗೆದುಹಾಕಿ. ಹೆಚ್ಚಿನ ಸಲ ಆಗುತ್ತದೆ.

ಇನ್ನು ಪದ ಕೇಳುವ ರೀತಿ. ಭಾವನೆ ಕೊಟ್ಟರೆ ಕಥೆ ಹೋಗಿ ಪ್ರಬಂಧ ಆಗುತ್ತದೆ. ‘ನಿಮ್ಮ ಮನೆಯಲ್ಲಿ ಈಗ ಕಣ್ಣಿಗೆ ಬೀಳುವ ಒಂದು ವಸ್ತು ಹೇಳಿ’ ಅಂತ ಕೇಳಿ ನೋಡಿ. ರೇಷನ್ ಕಾರ್ಡು, ಕುಕ್ಕರಿನ ಗ್ಯಾಸ್ಕೆಟ್ಟು, ಒಂಟಿ ಚಪ್ಪಲಿ ಬರುತ್ತವೆ. ‘ಒಂಟಿತನ’ ಕೊಟ್ಟವರನ್ನೂ ಬಿಡಬೇಡಿ, ಇನ್ನೊಬ್ಬರ ವಸ್ತುವಿನ ಜೊತೆ ಅದನ್ನು ಸೇರಿಸಿ. ಐದು ಲೀಟರ್ ಕುಕ್ಕರಿಗೆ ಗ್ಯಾಸ್ಕೆಟ್ ಕೇಳಲು ಬಂದ ಹಿರಿಯರು ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು, ಎರಡು ಲೀಟರಿನ ಕುಕ್ಕರಿಗೆ ಎಷ್ಟು ಅಂತ ವಿಚಾರಿಸುತ್ತಾರೆ. ಒಂಟಿತನ ಅನ್ನುವ ಪದವೇ ಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಕೆಲವರು ಪದದ ಹೆಸರಲ್ಲಿ ತಮ್ಮ ಮನೆಯ ದುಃಖವನ್ನೇ ಬರೆದು ಕಳಿಸುತ್ತಾರೆ. ಅದಕ್ಕೆ ತಿರುವು ಗಿರುವು ಹಚ್ಚಬೇಡಿ. ಊರು, ಸಂಬಂಧ ಬದಲಿಸಿ ಬರೆದು, ಹಾಕುವ ಮೊದಲು ಅವರಿಗೆ ಇನ್‌ಬಾಕ್ಸಿನಲ್ಲಿ ತೋರಿಸಿ. ಬೇಡ ಅಂದರೆ ಅಲ್ಲಿಗೇ ಬಿಟ್ಟು, ಬೇರೆ ಪದ ಕೇಳಿ.