ಬಾಗಿಲ ಮುಂದಿನ ಐಸ್‌ಗೆ ಬಿಸಿನೀರು ಬೇಡ

ನಮಸ್ಕಾರ ಮೇಡಂ. ಜನವರಿಯಲ್ಲಿ ಚಿಂತಾಮಣಿಯಿಂದ ಇಂಗ್ಲೆಂಡಿನ ಲೀಡ್ಸ್‌ನ ಮಗಳ ಮನೆಗೆ ಹೋಗುತ್ತಿದ್ದೀರಿ, ಬಾಗಿಲ ಮುಂದೆ ಐಸ್ ಕಟ್ಟಿದರೆ ಬಿಸಿನೀರು ಹುಯ್ಯಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಐಸ್ ಕರಗುತ್ತದೆ ನಿಜ, ಆದರೆ ಆ ನೀರು ಸ್ವಲ್ಪ ಹೊತ್ತಿಗೇ ಮತ್ತೆ ಹೆಪ್ಪುಗಟ್ಟುತ್ತದೆ. ಆಗ ಗಾಜಿನ ಹಾಗೆ ನುಣ್ಣಗಿರುತ್ತದೆ, ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವ ಅಭ್ಯಾಸ ಇದೆಯಲ್ಲ, ಅದಕ್ಕೂ ಅಲ್ಲಿ ರಜೆ ಕೊಡಿ.

ಉಪ್ಪೇ ಸರಿ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಇನ್ನೂ ಜಾಸ್ತಿ ಚಳಿ ಬೇಕು. ಅಡುಗೆ ಉಪ್ಪೂ ನಡೆಯುತ್ತದೆ. ಚದರ ಮೀಟರಿಗೆ ಒಂದು ದೊಡ್ಡ ಚಮಚ ಸಾಕು ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ. ಉಪ್ಪು ತುಳಿಯಬಾರದು ಅಂತಾರೆ ನಮ್ಮಲ್ಲಿ, ಆದರೆ ಸೊಂಟ ಮುರಿದುಕೊಳ್ಳುವುದಕ್ಕಿಂತ ವಾಸಿ ಅಲ್ವಾ? ಹಿಮ ಬಿದ್ದಿದ್ದರೆ ಮೊದಲು ಸಲಿಕೆಯಲ್ಲಿ ಎಳೆದು ಹಾಕಿ. ಕತ್ತಲಾಗುವ ಮೊದಲೇ ಉಪ್ಪು ಎರಚಿ. ಗಿಡದ ಬುಡಕ್ಕೆ, ಹುಲ್ಲಿಗೆ ಬೀಳದಿರಲಿ. ಉಪ್ಪು ಇಲ್ಲದಿದ್ದರೆ ಮರಳೋ ಬೂದಿಯೋ ಹಾಕಿ. ಐಸ್ ಕರಗುವುದಿಲ್ಲ, ಆದರೆ ಕಾಲಿಗೆ ಹಿಡಿತ ಸಿಗುತ್ತದೆ.

ರಾತ್ರಿ ಲಾರಿಗಳು ರಸ್ತೆಗೆ ಎರಚಿಕೊಂಡು ಹೋಗುವ ಕಂದು ಹರಳು ನೋಡಿ ಮರಳು ಅಂದುಕೊಳ್ಳಬೇಡಿ. ಅದು ಗಣಿಯಿಂದ ತೆಗೆದ ಕಲ್ಲುಪ್ಪು, ಮಣ್ಣು ಸೇರಿರುವುದರಿಂದ ಆ ಬಣ್ಣ. ಚೆಷೈರ್‌ನ ವಿನ್ಸ್‌ಫರ್ಡ್‌ನಲ್ಲಿ ಅದರ ದೊಡ್ಡ ಗಣಿ ಇದೆ. ಲಾರಿ ಮುಖ್ಯ ರಸ್ತೆಗೆ ಮೊದಲು, ಸಣ್ಣ ಬೀದಿಗಳಿಗೆ ಎಷ್ಟೋ ಸಲ ಬರುವುದೇ ಇಲ್ಲ. ಬೀದಿ ಮೂಲೆಯ ಹಳದಿ ಪೆಟ್ಟಿಗೆಯಲ್ಲಿ ಉಪ್ಪು ಇರುತ್ತದೆ, ಆದರೆ ಅದು ರಸ್ತೆಗೆ, ಫುಟ್‌ಪಾತಿಗೆ ಮಾತ್ರ. ಮನೆ ಅಂಗಳಕ್ಕೆ ಅಂಗಡಿಯಿಂದಲೇ ತನ್ನಿ.